ಟೈರ್ ಅಗಲ: ಗದ್ದೆಯ ಲೆಕ್ಕ ಬೇರೆ, ಹಿಮದ ಲೆಕ್ಕ ಬೇರೆ

ಪ್ರಶ್ನೆ: ನಮ್ಮದು ಸಾಲಗುಂದ. ಆರು ಗಾಲಿಯ ಹಳೇ ಲಾರಿ ಇದೆ, ಟೈರ್ 10.00 ಆರ್ 20. ನವೆಂಬರ್-ಡಿಸೆಂಬರಿನಲ್ಲಿ ನೆಲ್ಲು ಕೊಯ್ಲಿಗೆ ಬಂದಾಗ ಗದ್ದೆ ಪೂರ್ತಿ ಆರಿರುವುದಿಲ್ಲ. ಹೋದ ಸಲ ಚೀಲ ತುಂಬಿದ ಲಾರಿ ಆಕ್ಸಲ್ ಹೌಸಿಂಗ್‌ವರೆಗೆ ಹೂತು, ಎರಡು ಟ್ರ್ಯಾಕ್ಟರ್ ಹಚ್ಚಿ ಎಳೆಸಬೇಕಾಯಿತು. 11.00 ಟೈರ್ ಹಾಕಿಸಿದರೆ ಹೂಳುವುದಿಲ್ಲ ಎನ್ನುತ್ತಾರೆ. ಆರು ಟೈರಿಗೆ ಸಾಲ ಮಾಡಬೇಕು. ಮಾಡಲೇ?

ಉತ್ತರ: ತುಂಬಿದ ಲಾರಿ ಕಣ್ಣೆದುರೇ ಒಂದು ಕಡೆಗೆ ವಾಲುತ್ತಾ ಕೂತರೆ ಎಂಥವರಿಗೂ ಕೈಕಾಲು ಆಡುವುದಿಲ್ಲ. ಮತ್ತೆ ಹಾಗಾಗಬಾರದೆಂದು ನೀವು ದಾರಿ ಹುಡುಕುತ್ತಿರುವುದು ಸರಿಯೇ. ಆದರೆ ಸಾಲದ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ಆ ದುಡ್ಡು ನಿಮ್ಮ ಲಾರಿಯನ್ನು ಮೇಲೆತ್ತುವುದಿಲ್ಲ.

ಲೆಕ್ಕ ನೋಡಿ. 10.00 ಟೈರಿನ ಅಗಲ ಸುಮಾರು 278 ಮಿ.ಮೀ., 11.00 ಟೈರಿನದು ಸುಮಾರು 293. ನಿಮಗೆ ಸಿಗುವುದು 15 ಮಿ.ಮೀ., ಅಂದರೆ ಹೆಬ್ಬೆರಳಿನಷ್ಟೂ ಇಲ್ಲ. ಅದಕ್ಕಿಂತ ದೊಡ್ಡ ಸಂಗತಿ ಹವಾ. ಟೈರ್ ನೆಲವನ್ನು ಒತ್ತುವ ಬಲ ಹೆಚ್ಚುಕಡಿಮೆ ಅದರೊಳಗಿನ ಹವಾದಷ್ಟೇ ಇರುತ್ತದೆ. ತುಂಬಿದ ಲಾರಿಗೆ 110-120 ಪೌಂಡ್ ಹಿಡಿಸುತ್ತೀರಿ. ಗದ್ದೆಗಿಳಿಯುವ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ 12ರಿಂದ 15 ಪೌಂಡ್ ಸಾಕು. ಒಂದೇ ಎರೆ ಮಣ್ಣು. ಒಂದು ಗಾಡಿ ಎಂಟು ಪಟ್ಟು ಜೋರಾಗಿ ಒತ್ತುತ್ತದೆ, ಇನ್ನೊಂದು ಮೇಲೆಯೇ ಹೋಗುತ್ತದೆ. ಚೈನ್ ಮಷಿನ್ ಹಸಿ ಗದ್ದೆಯಲ್ಲೂ ಹೂಳದೆ ಕೊಯ್ಯುವುದು ಇದೇ ಕಾರಣಕ್ಕೆ: ಅದರ ಭಾರ ಉದ್ದನೆಯ ಪಟ್ಟಿಯ ಮೇಲೆ ಹರಡಿರುತ್ತದೆ.

ಹಾಗಾದರೆ ಲಾರಿಯ ಹವಾ ಇಳಿಸಿದರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಬೇಡ. ಭಾರ ಹೊತ್ತ ಟೈರಿನಲ್ಲಿ ಹವಾ ಕಡಿಮೆಯಾದರೆ ಅದರ ಪಕ್ಕೆ (ಟೈರಿನ ಬದಿಯ ಗೋಡೆ) ಪ್ರತಿ ಸುತ್ತಿಗೂ ಮಡಿಚಿ ಬಿಚ್ಚಿ ಕಾಯುತ್ತದೆ. ಗದ್ದೆಯಲ್ಲಿ ಏನೂ ಆಗದೆ, ಸಿಂಧನೂರು ರಸ್ತೆಗೆ ಬಂದ ಮೇಲೆ ಸಿಡಿಯುತ್ತದೆ.

ಅಗಲದ ಟೈರಿಗೆ ಇನ್ನೂ ಒಂದು ತೊಡಕಿದೆ. ನಿಮ್ಮ ಹಿಂದಿನ ಗಾಲಿಗಳು ಜೋಡಿ. ಡಿಸ್ಕ್ ಬದಲಿಸದೆ ಟೈರ್ ಮಾತ್ರ ಅಗಲ ಮಾಡಿದರೆ ಜೋಡಿಯ ನಡುವಿನ ಸಂದು ಕಿರಿದಾಗುತ್ತದೆ. ಭಾರ ಬಿದ್ದಾಗ ಎರಡೂ ಪಕ್ಕೆ ಒಂದಕ್ಕೊಂದು ಉಜ್ಜುತ್ತವೆ. ಎರೆ ಮಣ್ಣು ಆ ಸಂದಿನಲ್ಲಿ ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಟೈರಿನ ಗೆರೆ ಎಷ್ಟು ಹೊಸದಾಗಿದ್ದರೂ ನೆಲಕ್ಕೆ ತಾಗುವುದು ಮಣ್ಣಿನ ಉಂಡೆಯೇ. ಈಗಿರುವ ಟೈರಿಗೂ ಈ ಮಾತು ಸಲ್ಲುತ್ತದೆ. ಗದ್ದೆಯಿಂದ ಡಾಂಬರಿಗೆ ಹತ್ತುವ ಮೊದಲು ಹಾರೆ ಹಾಕಿ ಜೋಡಿಯ ನಡುವೆ ಒಮ್ಮೆ ಕೆದಕಿಸಿ. ಒಳಗೆ ಸಿಕ್ಕಿದ ಕಲ್ಲು ಹಿಂದೆ ಬರುವ ಬೈಕ್ ಸವಾರನ ಮುಖಕ್ಕೆ ಚಿಮ್ಮಬಹುದು.

ಈಗ ಮಾಡಬೇಕಾದ್ದು. ಲಾರಿಯನ್ನು ಗದ್ದೆಗೆ ಇಳಿಸಲೇಬೇಡಿ, ಗರಸು ಹಾಕಿದ ಗಟ್ಟಿ ದಾರಿಯಲ್ಲಿ ನಿಲ್ಲಿಸಿ. ಮಷಿನ್‌ನಿಂದ ಲಾರಿಯವರೆಗೆ ನೆಲ್ಲನ್ನು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ತರಿಸಿ. ಬಾಡಿಗೆ ಕೊಡಬೇಕು ನಿಜ, ಆದರೆ ಆರು ಟೈರಿನ ಬಡ್ಡಿಗೆ ಹೋಲಿಸಿ ನೋಡಿ. ಟ್ರ್ಯಾಕ್ಟರ್ ನಿಮ್ಮದೇ ಇದ್ದರೆ ಅಲ್ಲಿ ಅಗಲದ ಟೈರಿಗೆ ಬೆಲೆ ಇದೆ: 13.6-28ರ ಬದಲು, ಕಂಪನಿ ಒಪ್ಪಿದ ಮಾಡೆಲ್ ಆದರೆ, 14.9 ಅಥವಾ 16.9 ಅಗಲದ್ದು ಹಸಿ ನೆಲದಲ್ಲಿ ಕಡಿಮೆ ಹವಾದಲ್ಲಿ ಚೆನ್ನಾಗಿ ನಡೆಯುತ್ತದೆ.

ಇನ್ನು ಚೀಲದ ಲೆಕ್ಕ. ನಮ್ಮ ಕಡೆಯ ನೆಲ್ಲಿನ ಚೀಲ 75 ಕೆ.ಜಿ. ‘ಇನ್ನೊಂದು ಇಪ್ಪತ್ತು ಚೀಲ ಹಾಕ್ರಿ’ ಅಂದರೆ ಒಂದೂವರೆ ಟನ್ ಹೆಚ್ಚಿದಂತೆ. ನಾಲ್ಕು ಟೈರಿನ ಹಿಂದಿನ ಆಕ್ಸಲ್‌ಗೆ 2018ರ ಜುಲೈನಲ್ಲಿ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿದ್ದಾರೆ. ಅದು ಡಾಂಬರು ರಸ್ತೆಯ ಮಾತು, ಎರೆ ಹೊಲಕ್ಕೆ ಕೊಟ್ಟ ಪರವಾನಗಿ ಅಲ್ಲ. ಅಲ್ಲದೆ ಕಂಪನಿ ನಿಗದಿ ಮಾಡದ ಅಳತೆ ಹಾಕಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರಬಹುದು.

ಪ್ರಶ್ನೆ: ನಾನು ಮಸ್ಕಿಯವಳು. ನಮ್ಮ ಮನೆಯವರು ಹತ್ತು ಗಾಲಿಯ ಲಾರಿಯಲ್ಲಿ ಅಕ್ಕಿ ಹೇರಿಕೊಂಡು ಉತ್ತರಕ್ಕೆ ಹೋಗುತ್ತಾರೆ. ಈ ಜನವರಿಯಲ್ಲಿ ಶ್ರೀನಗರಕ್ಕೆ ಲೋಡ್ ಇದೆಯಂತೆ. ಹಿಮದಲ್ಲಿ ಅಗಲದ ಟೈರ್ ಇದ್ದರೆ ಹಿಡಿತ ಜಾಸ್ತಿ ಎಂದು ಯಾರೋ ಹೇಳಿದ್ದಾರೆ. ಅವರು ಹೊರಟ ದಿನದಿಂದ ನನಗೆ ನಿದ್ದೆ ಬರುವುದಿಲ್ಲ.

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ ತಾಯಿ. ಮೊದಲು ಎರಡು ಸಮಾಧಾನದ ಸಂಗತಿ. ಶ್ರೀನಗರದ ದಾರಿಯಲ್ಲಿ ಬನಿಹಾಲ್ ಮತ್ತು ಕಾಜಿಗುಂಡ್ ನಡುವೆ 2021ರಲ್ಲಿ ಸುಮಾರು 8.5 ಕಿ.ಮೀ. ಉದ್ದದ ಹೊಸ ಸುರಂಗ ತೆರೆದಿದೆ. ಹಳೆಯ ಜವಾಹರ್ ಸುರಂಗಕ್ಕಿಂತ ಅದು ಸಾಕಷ್ಟು ತಗ್ಗಿನಲ್ಲಿರುವುದರಿಂದ, ಮೊದಲು ಹಿಮದಲ್ಲೇ ಹತ್ತಬೇಕಿದ್ದ ಎತ್ತರದ ದಾರಿ ಈಗ ತಪ್ಪುತ್ತದೆ. ಎರಡನೆಯದು, ಅವರ ಲಾರಿಯ ಟೈರಿನ ಅಗಲ ಈಗಿರುವಂತೆಯೇ ಸರಿ.

ಹಿಮದ ಲೆಕ್ಕ ನಮ್ಮ ಗದ್ದೆಯದಕ್ಕೆ ತಿರುವು ಮುರುವು. ಎರೆ ಮಣ್ಣಿನಲ್ಲಿ ಕೆಳಗೆ ಗಟ್ಟಿ ನೆಲ ಬೇಗ ಸಿಗುವುದಿಲ್ಲ, ಆದ್ದರಿಂದ ಮೇಲೆಯೇ ಉಳಿಯಬೇಕು. ರಸ್ತೆಯ ಮೇಲಿನ ಹಸಿ ಹಿಮದ ಕೆಳಗೆ ನಾಲ್ಕು ಬೆರಳಿನಲ್ಲೇ ಡಾಂಬರು ಇರುತ್ತದೆ. ಅದನ್ನು ಕೊರೆದು ಡಾಂಬರು ಮುಟ್ಟುವ ಕಿರಿದಾದ ಟೈರೇ ಅಲ್ಲಿ ಒಳ್ಳೆಯದು. ಅಗಲದ್ದು ತೇಲುತ್ತದೆ. ಆಳವಾದ, ತುಳಿಯದ ಹಿಮದಲ್ಲಿ ಮಾತ್ರ ಅಗಲದ್ದು ಉಪಯೋಗಕ್ಕೆ ಬಂದೀತು. ಹೆದ್ದಾರಿಯಲ್ಲಿ ಅಂಥ ಹಿಮ ಬಿದ್ದರೆ ಲಾರಿಗಳನ್ನೇ ನಿಲ್ಲಿಸುತ್ತಾರೆ. ಗಾಜಿನಂತೆ ಹೆಪ್ಪುಗಟ್ಟಿದ ಮಂಜುಗಡ್ಡೆಯ ಮೇಲೆ ಯಾವ ಅಗಲವನ್ನೂ ನಂಬುವಂತಿಲ್ಲ. ಅಲ್ಲಿ ಕಾಯುವುದು ಸರಪಳಿ ಮತ್ತು ನಿಧಾನ.

ಅವರಿಗೆ ಇಷ್ಟು ಹೇಳಿ. ಹಿಮದ ಸರಪಳಿ (ಟೈರಿನ ಮೇಲೆ ಬಿಗಿಯುವ ಕಬ್ಬಿಣದ ಜಾಲರಿ) ಟೈರಿನ ಮೇಲೆ ಬರೆದ ಅಳತೆಯದ್ದೇ ಇರಬೇಕು. ಅದನ್ನು ಎಳೆಯುವ ಹಿಂದಿನ ಗಾಲಿಗೆ ಹಾಕಬೇಕು, ವೇಗ ಗಂಟೆಗೆ 30-40 ಕಿ.ಮೀ. ದಾಟಬಾರದು, ಬರೀ ಡಾಂಬರು ಸಿಕ್ಕ ಕೂಡಲೇ ಬಿಚ್ಚಬೇಕು. ಮನೆಯಂಗಳದಲ್ಲಿ ಒಮ್ಮೆ ಹಾಕಿ ಬಿಚ್ಚಿ ನೋಡಲಿ. ಕೊರೆಯುವ ಚಳಿಯಲ್ಲಿ, ಕತ್ತಲಲ್ಲಿ ಮೊದಲ ಸಲ ಕಲಿಯುವ ಕೆಲಸ ಅದಲ್ಲ.

ಹವಾ ಕೂಡ ನೋಡಬೇಕು. ಇಲ್ಲಿ 30 ಡಿಗ್ರಿಯಲ್ಲಿ 120 ಪೌಂಡ್ ಹಿಡಿಸಿದ ಟೈರ್, ಸೊನ್ನೆ ಡಿಗ್ರಿಯಲ್ಲಿ ಎಲ್ಲೂ ಸೋರದೆಯೇ 107ರ ಸುಮಾರಿಗೆ ಇಳಿಯುತ್ತದೆ. ಜಮ್ಮುವಿನಲ್ಲಿ ಬೆಳಿಗ್ಗೆ ಗಾಡಿ ಎತ್ತುವ ಮೊದಲು, ಟೈರ್ ತಣ್ಣಗಿರುವಾಗಲೇ ನೋಡಿಸಲಿ. ಗೆರೆಯ ಆಳ ಕಾನೂನಿಗೆ 1.6 ಮಿ.ಮೀ. ಸಾಕು, ಹಿಮಕ್ಕೆ ಅದು ಬೋಳು ಟೈರೇ. ಎಳೆಯುವ ಗಾಲಿಗೆ ಆಳ ಗೆರೆಯ ಬಟನ್ ಟೈರ್ ಇರಲಿ. ಅಲ್ಲಿನ ಟ್ರಾಫಿಕ್ ಪೊಲೀಸರು ಭಾರಿ ವಾಹನ ಯಾವ ದಿನ ಯಾವ ಕಡೆಯಿಂದ ಹೋಗಬೇಕೆಂದು ಸೂಚನೆ ಹೊರಡಿಸುತ್ತಾರೆ. ಅದನ್ನು ಕೇಳಿಯೇ ಮುಂದೆ ಹೋಗಲಿ. ಎರಡು ದಿನ ತಡವಾದರೆ ‘ಎಲ್ಲಿದ್ದೀರಿ’ ಎಂದು ಗಳಿಗೆಗೊಮ್ಮೆ ಫೋನ್ ಮಾಡಿ ನೀವೂ ಅವಸರಪಡಿಸಬೇಡಿ.

ಪ್ರಶ್ನೆ: ಲಿಂಗಸುಗೂರಿನಿಂದ ಬರೆಯುತ್ತಿದ್ದೇನೆ. ಮಗ ಕೆನಡಾದಲ್ಲಿ ಪಿಕಪ್ ಕೊಂಡಿದ್ದಾನೆ. ಟೈರ್ ಈಗ 265/70 ಆರ್ 17. ಚಳಿಗಾಲಕ್ಕೆ 245 ಸಾಕು ಎಂದು ಅಂಗಡಿಯವರು ಹೇಳುತ್ತಾರಂತೆ. ಕಡಿಮೆ ಅಗಲದ್ದು ಹಾಕಿ ಮೋಸ ಮಾಡುತ್ತಿದ್ದಾರೆಯೇ?

ಉತ್ತರ: ಮೋಸ ಎಂದು ಅನುಮಾನಿಸಬೇಡಿ, ಅಂಗಡಿಯವರ ಸಲಹೆ ಸರಿಯಾದದ್ದೇ. 245/75 ಆರ್ 17 ಹಾಕಿದರೆ ಅಗಲ 20 ಮಿ.ಮೀ. ಕಡಿಮೆಯಾದರೂ ಗಾಲಿಯ ಎತ್ತರ ನಾಲ್ಕೇ ಮಿ.ಮೀ. ಇಳಿಯುತ್ತದೆ, ವೇಗದ ಮುಳ್ಳು ಸುಳ್ಳು ಹೇಳುವುದಿಲ್ಲ. ಅಗಲಕ್ಕಿಂತ ರಬ್ಬರ್ ಮುಖ್ಯ. ಸಾಮಾನ್ಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಚಳಿಗಾಲದ್ದು ಮೆತ್ತಗಿರುತ್ತದೆ. ಪಕ್ಕೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯೇ ನೋಡಲಿ, ನಾಲ್ಕೂ ಗಾಲಿಗೆ ಅದನ್ನೇ ಹಾಕಿಸಲಿ. ಹೊಸ ಟೈರ್ ಭಾರ ಹೊರುವ ಅಂಕಿ (ಅಳತೆಯ ಪಕ್ಕದಲ್ಲಿ ಅಚ್ಚಾದ ಸಂಖ್ಯೆ) ಹಳೆಯದಕ್ಕಿಂತ ಕಡಿಮೆ ಇರಬಾರದು. ದುಡ್ಡು ಕೊಡುವ ಮೊದಲು ಡ್ರೈವರ್ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯನ್ನೊಮ್ಮೆ ಓದಲು ಹೇಳಿ. ಆ ಗಾಡಿಗೆ ನಿಗದಿಯಾದ ಟೈರ್ ಅಳತೆ, ಹವಾ ಎರಡೂ ಅದರಲ್ಲಿರುತ್ತವೆ.