ಕ್ಲಿಪ್ ಹಾಕಿದ ಹಲ್ಲು, ಊದಿದ ಒಸಡು: ರಕ್ತ ಬಂದರೂ ಬ್ರಷ್ ಬಿಡಬೇಡಿ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳು ಈಗ ಬೀದರ್, ಕಲಬುರಗಿಯಲ್ಲಷ್ಟೇ ಅಲ್ಲ, ಬೇಮಳಖೇಡ, ಚಿಟಗುಪ್ಪ, ಹಳ್ಳಿಖೇಡದ ಕಡೆಯ ಶಾಲೆಗಳಲ್ಲೂ ಕಾಣಸಿಗುತ್ತಾರೆ. ತಂತಿ ಬಿಗಿದು ಕೆಲವು ತಿಂಗಳಾಗುವಷ್ಟರಲ್ಲಿ ಇವರಲ್ಲಿ ಅನೇಕರ ಒಸಡು ಕೆಂಪಾಗುತ್ತದೆ. ಹಲ್ಲುಗಳ ನಡುವಿನ ಭಾಗ ಉಬ್ಬಿ, ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟಿನ ಅಂಚನ್ನು ಮುಟ್ಟುತ್ತದೆ. ಬ್ರಷ್ ತಾಗಿದರೆ ಸಾಕು, ರಕ್ತ. ಆಗ ಮನೆಯ ಹಿರಿಯರು ಹೇಳುವ ಮಾತು ಒಂದೇ: ‘ರಕ್ತ ಬರ್ಲತದ, ನಾಕ್ ದಿನ ಬ್ರಷ್ ಬಿಡು.’ ಅಕ್ಕರೆಯಿಂದಲೇ ಹೇಳುವ ಮಾತದು. ಆದರೆ ಊತ ಹೆಚ್ಚುವುದು ಆ ನಾಲ್ಕು ದಿನಗಳಲ್ಲೇ.

ಹಲ್ಲಿನ ಮೇಲೆ ಪ್ರತಿದಿನ ಅಂಟುಅಂಟಾದ ತೆಳು ಪದರವೊಂದು ಬೆಳೆಯುತ್ತದೆ. ದಂತವೈದ್ಯರು ಅದನ್ನು ಪ್ಲಾಕ್ ಎನ್ನುತ್ತಾರೆ. ಅದರ ತುಂಬ ಬ್ಯಾಕ್ಟೀರಿಯಾ. ಬರೀ ಹಲ್ಲಿದ್ದಾಗ ಸರಿಯಾಗಿ ಬ್ರಷ್ ಮಾಡಿದರೆ ಬಹುಪಾಲು ಹೋಗಿಬಿಡುತ್ತದೆ. ಕ್ಲಿಪ್ ಬಂದ ಮೇಲೆ, ಮಳೆನೀರಲ್ಲಿ ತೇಲಿಬಂದ ಕಸ ಹೊಲದ ತಂತಿಬೇಲಿಗೆ ಸಿಕ್ಕಿಕೊಳ್ಳುವಂತೆ, ಬ್ರಾಕೆಟ್ಟಿನ ಸುತ್ತಲೇ ನಿಲ್ಲುತ್ತದೆ. ಅದರ ವಿರುದ್ಧ ದೇಹ ತೋರುವ ಪ್ರತಿಕ್ರಿಯೆಯೇ ಊತ. ಹದಿಹರೆಯದ ಹಾರ್ಮೋನುಗಳು ಅದನ್ನು ಇನ್ನಷ್ಟು ಜೋರು ಮಾಡುತ್ತವೆ.

ಇದಕ್ಕೊಂದು ಪ್ರಸಿದ್ಧ ಪ್ರಯೋಗವೇ ಇದೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹ್ಯಾರಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ ಒಸಡಿನ 12 ಮಂದಿಗೆ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಹನ್ನೆರಡೂ ಮಂದಿಯ ಒಸಡು ಊದಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಇಳಿಯಿತು. ಇದು ಪ್ರಕಟವಾದದ್ದು 1965ರಲ್ಲಿ. ಅಂದರೆ ಬ್ರಷ್ ಬಿಟ್ಟಿದ್ದರಿಂದ ಬಂದ ಊತಕ್ಕೆ ಔಷಧಿಯೂ ಬ್ರಷ್ಷೇ.

ಮೊದಲು ಕನ್ನಡಿ

ಬೆಳಕಿನಲ್ಲಿ ನಿಂತು, ತುಟಿ ಎತ್ತಿ ನೋಡಿ. ಎಲ್ಲ ಹಲ್ಲುಗಳ ಅಂಚಿನಲ್ಲೂ ಒಸಡು ಕೆಂಪಗೆ ಉಬ್ಬಿದ್ದರೆ ಕಾರಣ ಹೆಚ್ಚಾಗಿ ಪ್ಲಾಕ್. ಒಂದೇ ಕಡೆ ಊದಿದ್ದರೆ ಅಲ್ಲೇನೋ ಚುಚ್ಚುತ್ತಿರಬಹುದು ಅಥವಾ ಸಿಕ್ಕಿರಬಹುದು: ತಂತಿಯ ತುದಿ, ಕಬ್ಬಿನ ನಾರು, ದವಡೆ ಹಲ್ಲಿಗೆ ತೊಡಿಸಿದ ಬಳೆಯ ಅಂಚು. ಮೇಲಿನ ಮುಂದಿನ ಹಲ್ಲುಗಳ ಒಸಡಷ್ಟೇ ಊದಿ ಒಣಗಿದಂತಿದ್ದರೆ, ಮಗು ಬಾಯಿ ತೆರೆದು ಉಸಿರಾಡುತ್ತಾ ಮಲಗುತ್ತದೆಯೇ ಎಂದು ರಾತ್ರಿ ಗಮನಿಸಿ. ಕ್ಲಿಪ್ ಹಾಕಿದ ಹೊಸದರಲ್ಲೇ ಕೆನ್ನೆಯ ಒಳಭಾಗ, ತುಟಿ ಎಲ್ಲ ಉರಿದು ತುರಿಸುತ್ತಿದ್ದರೆ ಅದು ತಂತಿಯಲ್ಲಿರುವ ನಿಕಲ್‌ನ ಅಲರ್ಜಿ ಆಗಿರಬಹುದು. ಅಗ್ಗದ ಕಿವಿಯೋಲೆ ಹಾಕಿದಾಗ ಕಿವಿ ಹುಣ್ಣಾದ ಅನುಭವ ಇದ್ದರೆ ವೈದ್ಯರಿಗೆ ಅದನ್ನೂ ಹೇಳಿ.

ಫಿಟ್ಸಿಗೆ ಕೊಡುವ ಫೆನಿಟಾಯಿನ್ ಮಾತ್ರೆಯಿಂದಲೂ ಒಸಡು ದಪ್ಪವಾಗಿ ಬೆಳೆಯಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಲೇಬಾರದು. ಮಾತ್ರೆಯ ಚೀಟಿಯನ್ನು ಕ್ಲಿಪ್ ಹಾಕಿದ ವೈದ್ಯರಿಗೆ ತೋರಿಸಿದರೆ ಸಾಕು.

ಇವತ್ತು ರಾತ್ರಿಯಿಂದಲೇ

ಊಟವಾದ ಮೇಲೆ ನೀರು ತುಂಬಿಕೊಂಡು ಜೋರಾಗಿ ಮುಕ್ಕಳಿಸಿ. ದೊಡ್ಡ ತುಣುಕುಗಳು ಬಿದ್ದುಹೋಗಲಿ. ಆಮೇಲೆ ಇಂಟರ್‌ಡೆಂಟಲ್ ಬ್ರಷ್. ಕಡ್ಡಿಯಷ್ಟು ಸಣ್ಣಗಿರುವ ಇದನ್ನು ತಂತಿಯ ಕೆಳಗೆ, ಎರಡು ಬ್ರಾಕೆಟ್ಟುಗಳ ನಡುವೆ ತೂರಿಸಿ, ಮೇಲಿನಿಂದೊಮ್ಮೆ ಕೆಳಗಿನಿಂದೊಮ್ಮೆ ಆಡಿಸಬೇಕು. ಕ್ಲಿಪ್ ಹಾಕಿದವರಿಗೆ ಇದರಷ್ಟು ಉಪಯೋಗಕ್ಕೆ ಬರುವ ಸಾಮಾನು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಊರಲ್ಲಿ ಸಿಗದಿದ್ದರೆ ಮುಂದಿನ ಸಲ ವೈದ್ಯರ ಬಳಿ ಹೋದಾಗ ಅಲ್ಲಿಂದಲೇ ತನ್ನಿ.

ಕೊನೆಗೆ ದೊಡ್ಡ ಬ್ರಷ್. ಎಳೆ ಮೆತ್ತಗಿರಲಿ, ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ. ಎಳೆಗಳನ್ನು ಓರೆಯಾಗಿ ಒಸಡಿನ ಅಂಚಿಗೆ ತಾಗಿಸಿ, ಸಣ್ಣ ಸಣ್ಣ ಸುತ್ತು ಹಾಕುತ್ತಾ ಒಂದೊಂದೇ ಹಲ್ಲು ದಾಟಿ. ಬ್ರಾಕೆಟ್ಟಿನ ಮೇಲಿನ ಭಾಗ ಮುಗಿಸಿ, ಕೆಳಗಿನ ಭಾಗಕ್ಕೆ ಬನ್ನಿ, ನಂತರ ಬ್ರಾಕೆಟ್ಟು, ಆಮೇಲೆ ಹಲ್ಲಿನ ಒಳಬದಿ. ಎಲ್ಲ ಸೇರಿ ನಾಲ್ಕೈದು ನಿಮಿಷವಾದರೂ ಬೇಕು. ಒಸಡಿನ ಅಂಚನ್ನು ಬಿಟ್ಟು ಬರೀ ಬ್ರಾಕೆಟ್ಟನ್ನು ಉಜ್ಜುವ ಮಕ್ಕಳೇ ಹೆಚ್ಚು. ಊತ ಇರುವುದು ಅಂಚಿನಲ್ಲಿ, ಕೆಲಸವೂ ಅಲ್ಲೇ ಆಗಬೇಕು.

ಮೊದಲ ಎರಡು-ಮೂರು ದಿನ ರಕ್ತ ಬರುತ್ತದೆ. ಬರಲಿ, ಒತ್ತಡ ಹಗುರ ಮಾಡಿ, ಉಜ್ಜುವುದನ್ನು ಮುಂದುವರಿಸಿ. ವಾರ-ಹತ್ತು ದಿನದಲ್ಲಿ ರಕ್ತ ಕಡಿಮೆಯಾಗುತ್ತಾ ಬಂದರೆ ದಾರಿ ಸರಿಯಿದೆ. ನಡುವೆ ದಿನಕ್ಕೆ ಎರಡು-ಮೂರು ಬಾರಿ, ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಮುಕ್ಕಳಿಸಿದರೆ ನೋವಿಗೆ ಹಿತ. ತಂತಿ ಚುಚ್ಚುತ್ತಿದ್ದರೆ ಆ ಜಾಗವನ್ನು ಒರೆಸಿ, ವೈದ್ಯರು ಕೊಟ್ಟ ಮೇಣವನ್ನು ಜೋಳದ ಕಾಳಿನಷ್ಟು ಉಂಡೆ ಮಾಡಿ ಒತ್ತಿ. ಇಕ್ಕಳ ಹಿಡಿದು ತಂತಿ ಬಗ್ಗಿಸುವ ಸಾಹಸ ಬೇಡ.

ಮೆಡಿಕಲ್ ಅಂಗಡಿಗೆ ಹೋಗುವ ಮೊದಲು

‘ಒಸಡು ಊದ್ಯಾದ, ಒಂದ್ ಗುಳಿಗಿ ಕೊಡ್ರಿ’ ಎಂದು ಕೇಳಿ ತರುವ ಆಂಟಿಬಯೋಟಿಕ್ ಹಲ್ಲಿನ ಮೇಲಿನ ಪದರವನ್ನು ಕೀಳುವುದಿಲ್ಲ. ಮಾತ್ರೆ ಮುಗಿದ ಮೇಲೆ ಊತ ಮತ್ತೆ ಹಾಜರು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ವೈದ್ಯರು ಹೇಳಿದರೆ ಬಳಸಬಹುದು. ಆದರೆ ಪೇಸ್ಟ್ ಹಚ್ಚಿ ಉಜ್ಜಿದ ಅರ್ಧ ಗಂಟೆ ನಂತರ ಬಳಸಿ, ಎರಡು ವಾರ ದಾಟಿಸಬೇಡಿ. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಕೂರುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಊದಿದ ಒಸಡಿಗೆ ಇದ್ದಿಲು, ಇಟ್ಟಿಗೆ ಪುಡಿ, ಸುಟ್ಟ ತಂಬಾಕಿನ ಪುಡಿ ತಿಕ್ಕುವುದನ್ನು ದಯವಿಟ್ಟು ನಿಲ್ಲಿಸಿ. ಲವಂಗದ ಎಣ್ಣೆಯನ್ನು ಹಾಗೇ ಹಚ್ಚಿದರೂ ಒಸಡು ಸುಡುತ್ತದೆ.

ಊಟದಲ್ಲಿ ಏನು ಬದಲಿಸಬೇಕು? ಕಡಕ್ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ ತಿನ್ನಲಿ, ಬಿಸಿ ಮೆತ್ತನೆಯ ರೊಟ್ಟಿಯಾದರೆ ಇನ್ನೂ ಒಳ್ಳೆಯದು. ಎಳ್ಳಮಾವಾಸ್ಯೆಯ ಭಜ್ಜಿಗೆ ಅಡ್ಡಿಯೇ ಇಲ್ಲ. ಕಬ್ಬನ್ನು ಹಲ್ಲಿನಿಂದ ಸಿಗಿಯುವುದು, ಶೇಂಗಾ ಚಿಕ್ಕಿ, ಗಟ್ಟಿ ಬೀಜದ ಬಾರಿಹಣ್ಣು ಕ್ಲಿಪ್ ಇರುವಷ್ಟು ದಿನ ಬೇಡ. ಬ್ರಾಕೆಟ್ ಕಿತ್ತರೆ ಮತ್ತೆ ಬೀದರ್‌ಗೆ ಓಡಾಟ, ಮತ್ತೆ ಖರ್ಚು.

ಯಾವಾಗ ಬಸ್ ಹತ್ತಬೇಕು

ಹತ್ತು ದಿನ ಸರಿಯಾಗಿ ಉಜ್ಜಿದರೂ ಊತ ಇಳಿಯದಿದ್ದರೆ ಪದರ ಗಟ್ಟಿಯಾಗಿ ಕಲ್ಲಾಗಿರಬಹುದು. ಅದು ಬ್ರಷ್ಷಿಗೆ ಬರುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎಂಬ ಭಯ ನಮ್ಮ ಕಡೆ ಗಟ್ಟಿಯಾಗಿದೆ. ಹಲ್ಲು ಸಡಿಲವಾಗುವುದು ಆ ಕಲ್ಲು ಒಸಡಿನ ಕೆಳಗೆ ಇಳಿದು ಎಲುಬನ್ನು ತಿಂದಾಗ. ಬೀದರ್‌ನ ಎಸ್.ಬಿ. ಪಾಟೀಲ ದಂತ ವೈದ್ಯಕೀಯ ಕಾಲೇಜು, ಕಲಬುರಗಿಯ ಎಸ್. ನಿಜಲಿಂಗಪ್ಪ ಮತ್ತು ಅಲ್-ಬದರ್ ದಂತ ಕಾಲೇಜುಗಳಂಥಲ್ಲಿ ಕ್ಲಿಪ್ಪಿನ ವಿಭಾಗ, ಒಸಡಿನ ವಿಭಾಗ ಎರಡೂ ಒಂದೇ ಸೂರಿನಡಿ ಇರುತ್ತವೆ. ಅಗತ್ಯಬಿದ್ದರೆ ಆ ದಿನಕ್ಕೆ ತಂತಿ ಬಿಚ್ಚಿ, ಸ್ವಚ್ಛ ಮಾಡಿ, ಮತ್ತೆ ಕಟ್ಟುತ್ತಾರೆ. ತೊಗರಿ ರಾಶಿ, ಮದುವೆ, ಪರೀಕ್ಷೆ ಎಂದು ತಿಂಗಳ ತಪಾಸಣೆ ತಪ್ಪಿಸಿದವರಿಗೇ ಈ ಕಷ್ಟ ಹೆಚ್ಚು.

ಕೆಲವು ಲಕ್ಷಣಗಳಿಗೆ ಹತ್ತು ದಿನವೂ ಕಾಯಬಾರದು. ಕೀವು, ಜ್ವರ, ಕೆನ್ನೆಗೋ ದವಡೆಯ ಕೆಳಗೋ ಹರಡಿದ ಬಾವು ಇದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ. ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಹೊತ್ತು ನೋಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಒಸಡು ಊದಿ ತಾನಾಗಿಯೇ ರಕ್ತ ಸುರಿಯುತ್ತಾ, ಮಗು ಬಿಳಿಚಿಕೊಂಡು, ಮೈಮೇಲೆ ಪೆಟ್ಟಿಲ್ಲದೆ ನೀಲಿ ಕಲೆ ಕಂಡರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಅಪರೂಪಕ್ಕೆ ರಕ್ತದ ಗಂಭೀರ ಕಾಯಿಲೆಗಳು ಹೀಗೇ ಶುರುವಾಗುತ್ತವೆ.

ತಿಂಗಳುಗಟ್ಟಲೆ ಊದಿಯೇ ಉಳಿದ ಒಸಡು ಕೆಲವರಲ್ಲಿ ಗಡುಸಾಗಿ, ಹಲ್ಲನ್ನು ಅರ್ಧ ಮುಚ್ಚಿಬಿಡುತ್ತದೆ. ಕ್ಲಿಪ್ ತೆಗೆದ ಮೇಲೆ ಹೆಚ್ಚಿನವರಲ್ಲಿ ಅದು ಕೆಲವು ತಿಂಗಳಲ್ಲಿ ಕುಗ್ಗುತ್ತದೆ. ಕುಗ್ಗದಿದ್ದರೆ ಹೆಚ್ಚುವರಿ ಭಾಗವನ್ನು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕತ್ತರಿಸುತ್ತಾರೆ. ಸಣ್ಣ ಶಸ್ತ್ರಚಿಕಿತ್ಸೆ, ಅದೇ ದಿನ ಮನೆಗೆ ಬರಬಹುದು. ಆಮೇಲೂ ರಾತ್ರಿಯ ಬ್ರಷ್ ತಪ್ಪಿದರೆ ಒಸಡು ಮತ್ತೆ ಬೆಳೆಯುತ್ತದೆ.