ಲೋಳೆ ಹಿಡಿದ ಲೋಹ ಎಲ್ಲಿಗೆ ಹೋಗುತ್ತೆ?

ಹೊಸಕೋಟೆ ಕೆರೆಯ ದಡದ ಕಲ್ಲು ಮುಟ್ಟಿದರೆ ಜಾರುವ ಪದರ ಕೈಗೆ ಸಿಗುತ್ತೆ. ಅದನ್ನೆಲ್ಲ ನಾವು 'ಪಾಚಿ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ. ಆದರೆ ಪಾಚಿಯ ಜೊತೆ ಅಸಂಖ್ಯ ಬ್ಯಾಕ್ಟೀರಿಯಾಗಳೂ ಅಲ್ಲಿ ಮನೆ ಕಟ್ಟಿಕೊಂಡಿರುತ್ತವೆ. ಆ ಮನೆಯೇ ಬಯೋಫಿಲ್ಮ್. ಅದರ ಗಾರೆ ಲೋಹವನ್ನು ಹೇಗೆ ಹಿಡಿಯುತ್ತೆ ಅನ್ನೋದನ್ನು ಈ ಸಲ ನೋಡೋಣ.

ಗಾರೆ ಯಾವುದು?

ಬ್ಯಾಕ್ಟೀರಿಯಾ ಕೋಶದ ಹೊರಗೆ ಬಿಡುವ ಸಕ್ಕರೆಯ ಉದ್ದ ಸರಪಳಿಗಳೇ ಎಕ್ಸೋಪಾಲಿಸ್ಯಾಕರೈಡ್‌ಗಳು. ಇವುಗಳ ಜೊತೆ ಪ್ರೋಟೀನ್, ಡಿಎನ್‌ಎ ಸೇರಿ ಗಾರೆಯಾಗುತ್ತೆ. ಬಯೋಫಿಲ್ಮನ್ನು ಒಣಗಿಸಿ ತೂಗಿದರೆ ಹೆಚ್ಚಿನ ಕಡೆ ಜೀವಕೋಶದ ಪಾಲು ಶೇ. 10ಕ್ಕಿಂತ ಕಡಿಮೆ, ಉಳಿದದ್ದೆಲ್ಲ ಗಾರೆಯೇ.

ಎಲ್ಲ ಸರಪಳಿಗಳೂ ಒಂದೇ ಥರ ಇರಲ್ಲ. ಇಡ್ಲಿ ಹಿಟ್ಟಿನಲ್ಲಿ ಬೆಳೆಯುವ ಲ್ಯುಕೊನೊಸ್ಟಾಕ್, ಸಕ್ಕರೆ ಸಿಕ್ಕರೆ ಡೆಕ್ಸ್‌ಟ್ರಾನ್ ತಯಾರಿಸುತ್ತೆ. ಅದು ಬರೀ ಗ್ಲೂಕೋಸ್ ಸರಪಳಿ. ವಿದ್ಯುದಾವೇಶ ಇಲ್ಲದ್ದರಿಂದ ಲೋಹದ ಮೇಲೆ ಹಿಡಿತವೂ ಕಡಿಮೆ. ರೈತರು ಜೈವಿಕ ಗೊಬ್ಬರವಾಗಿ ಬಳಸುವ ಅಜೋಟೋಬ್ಯಾಕ್ಟರ್ ಆಲ್ಜಿನೇಟ್ ತಯಾರಿಸುತ್ತೆ. ಮ್ಯಾನ್ಯುರೋನಿಕ್, ಗುಲ್ಯುರೋನಿಕ್ ಆಮ್ಲಗಳ ಈ ಸರಪಳಿಯಲ್ಲಿ ಪ್ರತಿ ಕೊಂಡಿಗೂ ಒಂದು ಕಾರ್ಬಾಕ್ಸಿಲ್ ಗುಂಪು ಇರುತ್ತೆ.

ಹಿಡಿತ ಹೇಗೆ?

ಪಿಎಚ್ 7ರ ಆಸುಪಾಸಿನಲ್ಲಿ ಕಾರ್ಬಾಕ್ಸಿಲ್ ತನ್ನ ಪ್ರೋಟಾನನ್ನು ಬಿಟ್ಟು ಋಣಾವೇಶದಲ್ಲಿರುತ್ತೆ. ಲೋಹದ ಧನ ಅಯಾನುಗಳು ಬಂದು ಅಂಟಿಕೊಳ್ಳುತ್ತವೆ. ಗುಲ್ಯುರೋನಿಕ್ ಭಾಗಗಳ ನಡುವೆ ಕ್ಯಾಲ್ಸಿಯಂ, ಟ್ರೇಯಲ್ಲಿ ಮೊಟ್ಟೆ ಕೂತ ಹಾಗೆ ಕೂರುತ್ತೆ. 1973ರಲ್ಲಿ ಬಂದ ಈ ಮಾದರಿಗೆ 'ಎಗ್ ಬಾಕ್ಸ್' ಅಂತಲೇ ಹೆಸರು. ಆಲ್ಜಿನೇಟಿಗೆ ಕ್ಯಾಲ್ಸಿಯಂಗಿಂತ ಸೀಸ, ತಾಮ್ರಗಳ ಮೇಲೆ ಒಲವು ಜಾಸ್ತಿ. ಹಾಗಾಗಿ ಅವು ಕ್ಯಾಲ್ಸಿಯಂ ಅನ್ನು ಎಬ್ಬಿಸಿ ಆ ಜಾಗದಲ್ಲಿ ಕೂರುತ್ತವೆ.

ಇದನ್ನು ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲೇ ನೋಡಬಹುದು. ಸೋಡಿಯಂ ಆಲ್ಜಿನೇಟ್ ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಹನಿಯಾಗಿ ಬಿಟ್ಟರೆ ಸಬ್ಬಕ್ಕಿಯಂಥ ಮಣಿಗಳಾಗುತ್ತವೆ. ಅವನ್ನು ತೆಳುವಾದ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ನೆನೆಸಿದರೆ ಮಣಿಗಳು ನೀಲಿಯಾಗುತ್ತವೆ. ದ್ರಾವಣದಲ್ಲಿ ಎಷ್ಟು ತಾಮ್ರ ಕಡಿಮೆಯಾಯಿತು ಅಂತ ಕಲರಿಮೀಟರ್‌ನಲ್ಲಿ ಅಳೆಯಬಹುದು. ಆಮೇಲೆ ಮಣಿಗಳನ್ನು ತೆಳು ಆಮ್ಲಕ್ಕೆ ಹಾಕಿ. ಪ್ರೋಟಾನ್‌ಗಳು ಜಾಗ ಹಿಡಿದು ತಾಮ್ರ ಮತ್ತೆ ಹೊರಗೆ ಬರುತ್ತೆ!

ನಮಗೇಕೆ ಬೇಕು?

ಪಾಠದ ಮುಖ್ಯ ಮಾತು ಇಲ್ಲಿದೆ. ಲೋಳೆ ಲೋಹವನ್ನು ಹಿಡಿದಿಡುತ್ತೆ, ನಾಶ ಮಾಡಲ್ಲ. ಹೊಸಕೋಟೆ ತಾಲ್ಲೂಕಿನಲ್ಲಿ ಹರಿಯುವ ದಕ್ಷಿಣ ಪಿನಾಕಿನಿಗೆ ಮುಂದೆ ಬೆಳ್ಳಂದೂರು, ವರ್ತೂರು ಕೆರೆಗಳ ನೀರೂ ಸೇರುತ್ತೆ. ಪಕ್ಕದ ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯುತ್ತಿದೆ. ಇಂಥ ನೀರನ್ನು ಸಂಸ್ಕರಿಸುವ ಘಟಕಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಮುದ್ದೆಯಾಗಿ ಕಟ್ಟುವುದೂ ಇದೇ ಗಾರೆ. ನೀರಿನಲ್ಲಿ ಬಂದ ಲೋಹದ ಒಂದು ಪಾಲು ಆ ಕೆಸರಿಗೆ ಇಳಿಯುತ್ತೆ. ಆ ಕೆಸರು ಗೊಬ್ಬರವಾಗಿ ಹೊಲ ಸೇರಿದರೆ ಲೋಹವೂ ಜೊತೆಗೇ ಹೋಗುತ್ತೆ.

ಆದ್ದರಿಂದ ನೀರು ತಿಳಿಯಾಗಿದೆ ಅನ್ನೋದಷ್ಟೇ ಸಾಲದು. ನೀರಿನ ಜೊತೆ ಕೆಸರನ್ನೂ ಪರೀಕ್ಷೆ ಮಾಡಬೇಕು. ಲೆಕ್ಕದಲ್ಲಿ ಕಳೆದುಹೋದ ಲೋಹ ಯಾವುದೋ ಒಂದು ಕಡೆ ಇದ್ದೇ ಇರುತ್ತೆ. ಅದನ್ನು ಹುಡುಕುವುದೂ ಎಂಜಿನಿಯರನ ಕೆಲಸವೇ.