ಬೋರು ಹೊಡೆಸುವ ಮುನ್ನ ಊರು ಓದಿ

ಎರಡು ಬೋರು ಹೊಡೆಸಿದೆ. ಎರಡರಲ್ಲೂ ಬಂದದ್ದು ಧೂಳು. ಉಳಿದದ್ದು ಸಾಲ. ಪಕ್ಕದ ಹೊಲದ ಅಜ್ಜ ಬಂದು ನೋಡಿ, "ತಮ್ಮಾ, ಇದು ದಿಬ್ಬದ ಮಸಾರಿ. ನಮ್ಮಪ್ಪನ ಕಾಲದಾಗೂ ಇಲ್ಲಿ ಯಾರೂ ಬಾವಿ ತೋಡಿಲ್ಲ. ಕೇಳಿದ್ರ ಹೇಳ್ತಿದ್ದೆ" ಅಂದರು. ನಾನು ಕೇಳಿರಲಿಲ್ಲ! ಶಾಲೆಯಲ್ಲಿ ದೇಶ ವಿದೇಶಗಳ ಭೂಗೋಳ ಓದಿದ್ದೆ, ನಮ್ಮ ಮಾಸೂರಿನದು ಓದಿರಲಿಲ್ಲ. ತಡವಾಗಿ ಕಲಿತ ಪಾಠ ಇಲ್ಲಿದೆ.

ಮಲೆನಾಡಿನ ಸೆರಗು

ನಕ್ಷೆ ನೋಡಿ. ಮಾಸೂರಿನ ನೈರುತ್ಯಕ್ಕೆ ಶಿಕಾರಿಪುರ, ಅದರಾಚೆ ಮಲೆನಾಡು. ಈಶಾನ್ಯಕ್ಕೆ ರಾಣೆಬೆನ್ನೂರಿನ ಬಯಲು. ಮೂಡಣಕ್ಕೆ ಹೋದಂತೆ ಮಳೆ ಕಡಿಮೆ. ನಾವು ನಡುವೆ ಇದ್ದೇವೆ. ಕುಮುದ್ವತಿ ಹೊಳೆ ಹೊಸನಗರ ತಾಲೂಕಿನ ಹುಂಚದ ಕಡೆ ಹುಟ್ಟಿ, ಶಿಕಾರಿಪುರ ಸೀಮೆ ದಾಟಿ ನಮ್ಮಲ್ಲಿಗೆ ಬರುತ್ತದೆ. ಮುಂದೆ ತುಂಗಭದ್ರೆ ಸೇರುತ್ತದೆ. ನಮ್ಮ ಹೊಲಕ್ಕೆ ಹನಿ ಬೀಳದಿದ್ದರೂ ಮೇಲೆ ಮಳೆ ಹಿಡಿದರೆ ಹೊಳೆ ಬಂದೇ ಬರುತ್ತದೆ.

ಮದಗದ ಕೆರೆ

ಈ ಗುಟ್ಟು ವಿಜಯನಗರ ಕಾಲದವರಿಗೆ ಗೊತ್ತಿತ್ತು. ಹೊಳೆ ಗುಡ್ಡಗಳ ನಡುವೆ ನುಸುಳುವ ಕಡೆ ಒಡ್ಡು ಹಾಕಿ ಮದಗದ ಕೆರೆ ಕಟ್ಟಿದರು. ಒಡ್ಡು ಮಣ್ಣಿನದು, ನೀರಿನ ಬದಿಗೆ ಭಾರೀ ಕಲ್ಲು, ನೀರು ಬಿಡಲು ಕಲ್ಲಿನ ತೂಬು. ಮುಂದೆ ಒಂದು ಕಡೆ ಒಡೆದು ಆ ದೊಡ್ಡ ಕೆರೆ ಬರಿದಾಯಿತು. ಬ್ರಿಟಿಷರ ಕಾಲದಲ್ಲಿ ದುರಸ್ತಿಯಾದದ್ದು ಮೊದಲಿಗಿಂತ ಚಿಕ್ಕ ಕೆರೆ.

ಇದರಲ್ಲಿ ನಮಗೆರಡು ಪಾಠ. ಒಂದು, ನೀರನ್ನು ಆಳದಲ್ಲಿ ಹುಡುಕುವ ಮುಂಚೆ ಹರಿಯುವ ಕಡೆ ನಿಲ್ಲಿಸಬೇಕು. ಎರಡು, ಮಣ್ಣಿನ ಒಡ್ಡು ಎಷ್ಟು ದಪ್ಪ ಇದ್ದರೂ ಹೆಚ್ಚಾದ ನೀರಿಗೆ ಕೋಡಿ ಸರಿಯಿರಬೇಕು. ಹೊಲದ ಬದುವಿಗೂ ಇದೇ ಲೆಕ್ಕ.

ಹೆಸರು ಬದಲಾದ ತಾಲೂಕು

ನಮ್ಮದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಹಿರೇಕೆರೂರು ತಾಲೂಕಿಗೆ ಆಗ ಕೋಡ ತಾಲೂಕು ಎನ್ನುತ್ತಿದ್ದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರಿದೆವು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಇತ್ತೀಚೆಗೆ ರಟ್ಟೀಹಳ್ಳಿ ಹೊಸ ತಾಲೂಕಾಗಿ ಮಾಸೂರು ಅದಕ್ಕೆ ಸೇರಿದೆ. ಮನೆಯ ಹಳೆಯ ಕಾಗದದಲ್ಲಿ "ಕೋಡ" ಅಂತಿದ್ದರೆ ಬೇರೆ ಊರಿನದೆಂದು ಎಸೆಯಬೇಡಿ.

ಊರ ಗುಡಿಯ ಶಾಸನದ ಕಲ್ಲುಗಳನ್ನೂ ಕಡೆಗಣಿಸಬೇಡಿ. ಹತ್ತಿರದ ಅಬಲೂರಿನ ಸೋಮೇಶ್ವರ ಗುಡಿಯ ಶಾಸನ ಏಕಾಂತದ ರಾಮಯ್ಯನ ಕತೆಗೆ ಹೆಸರುವಾಸಿ. ಆದರೆ ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವಾಗ ಕೆರೆ, ಹಳ್ಳ, ಗದ್ದೆಗಳೂ ಬರುತ್ತವೆ. ಎಲ್ಲಿ ನೀರು ನಿಲ್ಲುತ್ತಿತ್ತು ಅನ್ನೋದಕ್ಕೆ ಅದೂ ಒಂದು ಸಾಕ್ಷಿ.

ನಾನು ಮಾಡಿದ್ದು

ಮೂರನೇ ಬೋರಿನ ಆಸೆ ಬಿಟ್ಟೆ. ಇಳಿಜಾರಿಗೆ ಅಡ್ಡ ಬದು ಹಾಕಿ, ತಗ್ಗಿನ ಮೂಲೆಯಲ್ಲಿ ಹೊಂಡ ತೋಡಿಸಿದೆ. ಬೇಸಿಗೆಯಲ್ಲಿ ಕೆರೆಯ ಹೂಳು ತಂದು ಮಸಾರಿಗೆ ಹರಡಿದೆ. ಮಳೆ ಎಂಟು ದಿನ ಕೈಕೊಟ್ಟರೆ ಮೊದಲು ಬಾಡುತ್ತಿದ್ದ ಗೋವಿನಜೋಳ ಈಗ ತಡೆಯುತ್ತದೆ. ಸಾಲ ಇನ್ನೂ ತೀರಿಲ್ಲ, ಹೊಸದು ಮಾತ್ರ ಮಾಡಿಲ್ಲ.

ನೀವು ಮಾಡಬಹುದಾದ್ದು

1. ಊರಿನ ಸರ್ವೆ ನಕ್ಷೆ ತೆಗೆಸಿ, ಕೆರೆ, ಹಳ್ಳ, ಹಳೆ ಬಾವಿ ಗುರುತಿಸಿ.
2. ನಿಮ್ಮ ಹೊಲದ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಮಳೆಯಲ್ಲೇ ನಿಂತು ನೋಡಿ.
3. ಹೊಲದ ಹೆಸರು, ಹಳೆಯ ಬೆಳೆ, ಬತ್ತಿದ ಬಾವಿಗಳ ಬಗ್ಗೆ ಹಿರಿಯರನ್ನು ಕೇಳಿ ಬರೆದಿಡಿ.
4. ಆಮೇಲೆ ಬೋರಿನ ಮಾತು.

ನನ್ನ ಎರಡು ಒಣ ಬೋರುಗಳ ಬಾಯಿ ಭದ್ರವಾಗಿ ಮುಚ್ಚಿಸಿದ್ದೇನೆ. ಮಕ್ಕಳು ಓಡಾಡುವ ಹೊಲ. ನಿಮ್ಮಲ್ಲೂ ಇದ್ದರೆ ಇವತ್ತೇ ಮುಚ್ಚಿಸಿ.